ಇಂಗ್ಲೆಂಡಿನ ಕೌಂಟಿ, ಡಿಸ್ಟ್ರಿಕ್ಟ್ ಕೌನ್ಸಿಲ್ ಚುನಾವಣೆಗಳು ಯಾಕೆ ಮುಂದಕ್ಕೆ ಹೋದವು?

ಲಂಡನ್ನಿಗೆ ಅಂಟಿಕೊಂಡೇ ಇರುವ ಸರ್ರೆ ಕೌಂಟಿಯ ಮತದಾರರು 2025ರ ಮೇ 1ರಂದು ತಮ್ಮ ಕೌಂಟಿ ಕೌನ್ಸಿಲ್‌ಗೆ, ಅಂದರೆ ಆ ಪ್ರದೇಶದ ಚುನಾಯಿತ ಸ್ಥಳೀಯ ಆಡಳಿತ ಸಭೆಗೆ, ಮತ ಹಾಕಬೇಕಿತ್ತು. ಅದಕ್ಕೆ ಮೂರು ತಿಂಗಳು ಮುಂಚೆ, ಫೆಬ್ರವರಿ 5ರಂದು, ಆಗಿನ ಉಪಪ್ರಧಾನಿ ಆಂಜೆಲಾ ರೇನರ್ ಸರ್ರೆಯೂ ಸೇರಿ ಒಂಬತ್ತು ಕಡೆ, ಸ್ಥಳೀಯ ಆಡಳಿತದ ಪುನರ್‌ರಚನೆಗಾಗಿ, ಚುನಾವಣೆ ಒಂದು ವರ್ಷ ಮುಂದಕ್ಕೆ ಹೋಗುತ್ತದೆ ಎಂದು ಸಂಸತ್ತಿನಲ್ಲಿ ಘೋಷಿಸಿದರು. ಅಕ್ಟೋಬರ್ 28ರಂದು ಎರಡನೇ ಸುದ್ದಿ ಬಂತು. ಸರ್ರೆಯ ಕೌಂಟಿ ಕೌನ್ಸಿಲ್ಲೂ ಅದರ ಕೆಳಗಿನ ಹನ್ನೊಂದು ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳೂ ರದ್ದಾಗಲಿವೆ. ಅವುಗಳ ಜಾಗದಲ್ಲಿ ಪೂರ್ವ ಸರ್ರೆ, ಪಶ್ಚಿಮ ಸರ್ರೆ ಎಂಬ ಎರಡೇ ಕೌನ್ಸಿಲ್‌ಗಳು ಬರಲಿವೆ. ಅವುಗಳಿಗೆ 2026ರ ಮೇನಲ್ಲಿ ಮತದಾನ, 2027ರ ಏಪ್ರಿಲ್‌ನಲ್ಲಿ ಅಧಿಕಾರ.

ಅಂದರೆ ಹಳೆಯ ಕೌನ್ಸಿಲ್‌ಗೆ ಚುನಾವಣೆ ನಡೆಯಲಿಲ್ಲ. ಇನ್ನೂ ಹುಟ್ಟದ ಕೌನ್ಸಿಲ್‌ಗೆ ಚುನಾವಣೆ ಗೊತ್ತಾಯಿತು. ನಡುವಿನ ಕಾಲದಲ್ಲಿ ಅವಧಿ ಮುಗಿದವರೇ ಕುರ್ಚಿಯಲ್ಲಿ ಉಳಿದರು. ಸರ್ರೆಯ ಒಂದು ಊರಿನವರು ಪ್ರತಿ ವರ್ಷ ಮತ ಹಾಕುತ್ತಿದ್ದರೆ ಹತ್ತಿರದ ಇನ್ನೊಂದು ಊರಿನವರು ತಮ್ಮ ಡಿಸ್ಟ್ರಿಕ್ಟ್‌ಗೆ ನಾಲ್ಕು ವರ್ಷಕ್ಕೊಮ್ಮೆ ಹಾಕುತ್ತಿದ್ದರು, ಅದೇಕೆ ಎಂಬುದೂ ಬಹಳ ಜನರಿಗೆ ಗೊತ್ತಿಲ್ಲ. ಅಲ್ಲಿ ನೆಲೆಸಿದ ಕನ್ನಡಿಗರಿಗಂತೂ ಈ ವ್ಯವಸ್ಥೆ ಇನ್ನಷ್ಟು ಗೋಜಲು. ಇದು ಒಬ್ಬ ಸಚಿವರ ಏಕಾಏಕಿ ನಿರ್ಧಾರದಿಂದ ಹುಟ್ಟಿದ ಗೊಂದಲವಲ್ಲ. ಇದರ ಬೇರು 1835ರವರೆಗೆ ಹೋಗುತ್ತದೆ.

ಕಸ ಎತ್ತುವವರು ಒಬ್ಬರು, ವಿಲೇವಾರಿ ಮಾಡುವವರು ಇನ್ನೊಬ್ಬರು

ಇಂಗ್ಲೆಂಡಿನ ಸುಮಾರಷ್ಟು ಭಾಗದಲ್ಲಿ ಇವತ್ತಿಗೂ ಎರಡು ಹಂತದ ಸ್ಥಳೀಯ ಆಡಳಿತವಿದೆ. ಮೇಲೆ ಕೌಂಟಿ ಕೌನ್ಸಿಲ್. ಶಾಲೆ, ರಸ್ತೆ, ಗ್ರಂಥಾಲಯ, ವೃದ್ಧರ ಮತ್ತು ಅಶಕ್ತರ ಆರೈಕೆ ಅದರ ಹೊಣೆ. ಕೆಳಗೆ ಡಿಸ್ಟ್ರಿಕ್ಟ್ ಕೌನ್ಸಿಲ್. ಅದರ ವ್ಯಾಪ್ತಿ ನಮ್ಮ ಜಿಲ್ಲೆಯಷ್ಟು ದೊಡ್ಡದಲ್ಲ, ತಾಲ್ಲೂಕಿಗೆ ಹತ್ತಿರ. ಮನೆ ಕಟ್ಟಲು ಅನುಮತಿ, ಬಡವರಿಗೆ ವಸತಿ, ಈಜುಕೊಳ, ಉದ್ಯಾನ, ಮತದಾರರ ಪಟ್ಟಿ, ಕೌನ್ಸಿಲ್ ತೆರಿಗೆ ವಸೂಲಿ ಅದರ ಕೆಲಸ. ಕೆಲವು ಡಿಸ್ಟ್ರಿಕ್ಟ್‌ಗಳಿಗೆ ‘ಬರೋ’ ಅಥವಾ ‘ಸಿಟಿ’ ಎಂಬ ಗೌರವದ ಹೆಸರಿದೆ, ಅಧಿಕಾರದಲ್ಲಿ ವ್ಯತ್ಯಾಸವಿಲ್ಲ.

ಈ ಹಂಚಿಕೆ ನಿತ್ಯದ ಬದುಕಿನಲ್ಲಿ ಹೇಗಿರುತ್ತದೆ ಎಂಬುದಕ್ಕೆ ಕಸದ ಡಬ್ಬವನ್ನೇ ನೋಡಬಹುದು. ಮನೆ ಮುಂದಿನ ಡಬ್ಬ ಖಾಲಿ ಮಾಡುವುದು ಡಿಸ್ಟ್ರಿಕ್ಟ್. ಹಾಗೆ ಎತ್ತಿದ ಕಸವನ್ನು ವಿಲೇವಾರಿ ಮಾಡುವುದು ಕೌಂಟಿ. ಡಬ್ಬ ತುಂಬಿ ತುಳುಕಿದರೆ ಒಂದು ಕಚೇರಿಗೆ ಫೋನು, ಅದರ ಪಕ್ಕದ ರಸ್ತೆಯಲ್ಲಿ ಗುಂಡಿ ಬಿದ್ದರೆ ಇನ್ನೊಂದಕ್ಕೆ. ತೆರಿಗೆಯ ಚೀಟಿ ಕಳಿಸುವುದು ಡಿಸ್ಟ್ರಿಕ್ಟ್ ಆದರೂ ಅದರ ದೊಡ್ಡ ಪಾಲು ಹೋಗುವುದು ಕೌಂಟಿಗೆ. ಎರಡು ಹಂತ ಬೇಡ, ಒಂದೇ ಇರಲಿ ಎನ್ನುವವರ ವಾದ ಹುಟ್ಟುವುದು ಇಲ್ಲೇ. ಹಾಗೆ ಎಲ್ಲವನ್ನೂ ಒಂದೇ ಕಡೆ ತಂದ ಕೌನ್ಸಿಲ್‌ಗೆ ಅಲ್ಲಿ ‘ಯೂನಿಟರಿ’ ಎನ್ನುತ್ತಾರೆ.

ಪ್ರತಿ ವರ್ಷ ಮೂರನೇ ಒಂದು ಭಾಗ: 1835ರ ಲೆಕ್ಕ

1835ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ 178 ಪಟ್ಟಣಗಳಲ್ಲಿ ಹಳೆಯ ಮುಚ್ಚಿದ ಕೂಟಗಳನ್ನು ಕಿತ್ತು ಚುನಾಯಿತ ಕೌನ್ಸಿಲ್‌ಗಳನ್ನು ತಂದಿತು. ಆಗ ಮತ ಹಾಕುತ್ತಿದ್ದವರು ಸ್ಥಳೀಯ ತೆರಿಗೆ ಕಟ್ಟುವ ಗಂಡಸರು ಮಾತ್ರ. ಸದಸ್ಯರ ಅವಧಿ ಮೂರು ವರ್ಷ. ಆದರೆ ಎಲ್ಲರೂ ಒಟ್ಟಿಗೆ ಇಳಿಯುತ್ತಿರಲಿಲ್ಲ. ಪ್ರತಿ ನವೆಂಬರ್ 1ರಂದು ಮೂರನೇ ಒಂದು ಭಾಗದವರು ಇಳಿದು ಆ ಸ್ಥಾನಗಳಿಗೆ ಚುನಾವಣೆ ನಡೆಯುತ್ತಿತ್ತು. ಒಂದೇ ಏಟಿಗೆ ಇಡೀ ಕೌನ್ಸಿಲ್ ಬದಲಾಗಿ ಆಡಳಿತ ತಲೆಕೆಳಗಾಗಬಾರದು, ಹಾಗೆಂದು ಜನ ಮೂರು ವರ್ಷ ಸುಮ್ಮನೆ ಕೂರಲೂಬಾರದು ಎಂಬುದು ಅದರ ಹಿಂದಿನ ಎಣಿಕೆ.

ಹಳ್ಳಿಗಾಡಿಗೆ ಚುನಾಯಿತ ಆಡಳಿತ ತಲುಪಿದ್ದು ತಡವಾಗಿ. 1888ರ ಕಾಯ್ದೆ ಕೌಂಟಿ ಕೌನ್ಸಿಲ್‌ಗಳನ್ನು ತಂದರೆ, 1894ರ ಕಾಯ್ದೆ ಅರ್ಬನ್ ಡಿಸ್ಟ್ರಿಕ್ಟ್, ರೂರಲ್ ಡಿಸ್ಟ್ರಿಕ್ಟ್‌ಗಳನ್ನೂ ಅವುಗಳ ಕೆಳಗೆ ಹಳ್ಳಿ ಮಟ್ಟದ ಪ್ಯಾರಿಷ್ ಕೌನ್ಸಿಲ್‌ಗಳನ್ನೂ ಹುಟ್ಟಿಸಿತು. ಆ ಡಿಸೆಂಬರ್‌ನಲ್ಲೇ ಮೊದಲ ಚುನಾವಣೆಗಳು ನಡೆದವು. 1894ರ ಕಾಯ್ದೆಯ ಒಂದು ಅಂಶ ಇವತ್ತಿಗೂ ಹೆಚ್ಚು ಚರ್ಚೆಗೆ ಬರುವುದಿಲ್ಲ. ಮದುವೆಯಾದ ಹೆಂಗಸರೂ ಸೇರಿ ಅರ್ಹತೆಯುಳ್ಳ ಹೆಂಗಸರು ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ಮತ ಹಾಕಬಹುದು, ಸ್ಪರ್ಧಿಸಲೂಬಹುದು ಎಂದಿತು ಅದು. ಸಂಸತ್ತಿನ ಚುನಾವಣೆಯಲ್ಲಿ ಹೆಂಗಸರಿಗೆ ಮೊದಲ ಬಾರಿಗೆ ಮತ ಸಿಕ್ಕಿದ್ದು 1918ರಲ್ಲಿ. ಮಹಿಳಾ ಪ್ರಾತಿನಿಧ್ಯದ ಬಾಗಿಲು ಮೊದಲು ತೆರೆದದ್ದು ಸಂಸತ್ತಿನಲ್ಲಲ್ಲ, ಚರಂಡಿ ಮತ್ತು ಕುಡಿಯುವ ನೀರಿನ ಲೆಕ್ಕ ನೋಡುವಂಥ ಸ್ಥಳೀಯ ಸಭೆಗಳಲ್ಲಿ ಎಂಬುದನ್ನು ಮರೆಯಬಾರದು.

ತೆರಿಗೆ ಕಟ್ಟಿದವರಿಗಷ್ಟೇ ಸ್ಥಳೀಯ ಮತ ಎಂಬ ಷರತ್ತು ಹೋಗಿದ್ದು 1945ರಲ್ಲಿ. 1949ರಿಂದ ಪಟ್ಟಣಗಳ ಚುನಾವಣೆ ನವೆಂಬರ್‌ನಿಂದ ಮೇ ತಿಂಗಳಿಗೆ ಬಂತು.

1974: ಬೇಡವೆಂದವರ ಸಲಹೆ ಬದಿಗೆ

ಈಗ ರದ್ದಾಗುತ್ತಿರುವ ಡಿಸ್ಟ್ರಿಕ್ಟ್‌ಗಳು ಹುಟ್ಟಿದ್ದು 1972ರ ಸ್ಥಳೀಯ ಆಡಳಿತ ಕಾಯ್ದೆಯಿಂದ. ಅದಕ್ಕೆ ಮೊದಲು ಸರ್ಕಾರ ನೇಮಿಸಿದ್ದ ರೆಡ್‌ಕ್ಲಿಫ್-ಮಾಡ್ ಆಯೋಗ 1969ರಲ್ಲಿ ವರದಿ ಕೊಟ್ಟಿತ್ತು. ಎರಡು ಹಂತ ಬೇಡ, ಮೂರು ಮಹಾನಗರ ಪ್ರದೇಶ ಬಿಟ್ಟು ಉಳಿದ ಕಡೆ 58 ಯೂನಿಟರಿಗಳು ಸಾಕು ಎಂದು ಅದು ಹೇಳಿತ್ತು. ಲೇಬರ್ ಸರ್ಕಾರ ಸ್ಥೂಲವಾಗಿ ಒಪ್ಪಿತು. 1970ರಲ್ಲಿ ಗೆದ್ದು ಬಂದ ಕನ್ಸರ್ವೇಟಿವ್ ಸರ್ಕಾರ ಅದನ್ನು ಬದಿಗಿಟ್ಟು ಎರಡು ಹಂತವನ್ನೇ ಉಳಿಸಿಕೊಂಡಿತು. ಸಾವಿರಕ್ಕೂ ಹೆಚ್ಚು ಹಳೆಯ ಕೌನ್ಸಿಲ್‌ಗಳು ಹೋಗಿ, ಮಹಾನಗರಗಳ ಹೊರಗೆ 296 ಹೊಸ ಡಿಸ್ಟ್ರಿಕ್ಟ್‌ಗಳು ಬಂದವು. ಇಂದು ಸರ್ಕಾರ ಮಾಡುತ್ತಿರುವುದು, ಬಹುಮಟ್ಟಿಗೆ, 1969ರಲ್ಲಿ ಬಂದು, ಆಮೇಲೆ ಬೇಡವೆಂದು ಮಡಚಿಟ್ಟ ಯೋಚನೆಯನ್ನೇ.

ಹೊಸ ಡಿಸ್ಟ್ರಿಕ್ಟ್‌ಗಳಿಗೆ ಮೊದಲ ಚುನಾವಣೆ ನಡೆದದ್ದು 1973ರ ಜೂನ್ 7ರಂದು. ಅಧಿಕಾರ ಸಿಕ್ಕಿದ್ದು 1974ರ ಏಪ್ರಿಲ್ 1ರಂದು. ನಡುವಿನ ಹತ್ತು ತಿಂಗಳು ಹಳೆಯ ಕೌನ್ಸಿಲ್ ಆಡಳಿತ ನಡೆಸಿತು, ಹೊಸದು ‘ನೆರಳು’ ಕೌನ್ಸಿಲ್ ಆಗಿ ಸಿಬ್ಬಂದಿ ನೇಮಕ, ಬಜೆಟ್ಟಿನ ಸಿದ್ಧತೆ ಮಾಡಿಕೊಂಡಿತು. ಸರ್ರೆಯಲ್ಲಿ 2026ರ ಮೇಯಿಂದ 2027ರ ಏಪ್ರಿಲ್‌ವರೆಗೆ ಆಗಬೇಕಿರುವುದೂ ಇದೇ ಕ್ರಮ.

1835ರ ಸರದಿ ಪದ್ಧತಿ ಸತ್ತಿರಲಿಲ್ಲ. ಮಹಾನಗರದ ಡಿಸ್ಟ್ರಿಕ್ಟ್‌ಗಳಿಗೆ ‘ಮೂರನೇ ಒಂದು’ ಪದ್ಧತಿ ಕಡ್ಡಾಯವಾಯಿತು. ಉಳಿದ ಡಿಸ್ಟ್ರಿಕ್ಟ್‌ಗಳು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದಿತ್ತು. ಸರ್ರೆಯಲ್ಲೇ ಎರಡೂ ಬಗೆ ಕಾಣುತ್ತವೆ. 1974ರಲ್ಲಿ ಈಷರ್ ಮತ್ತು ವಾಲ್ಟನ್-ವೇಬ್ರಿಜ್ ಅರ್ಬನ್ ಡಿಸ್ಟ್ರಿಕ್ಟ್‌ಗಳು ಸೇರಿ ಹುಟ್ಟಿದ ಎಲ್ಮ್‌ಬ್ರಿಜ್‌ನಲ್ಲಿ ಈಗ 16 ವಾರ್ಡ್, ಪ್ರತಿ ವಾರ್ಡಿಗೆ ಮೂವರು, ಒಟ್ಟು 48 ಸದಸ್ಯರು. ಒಂದು ವರ್ಷಕ್ಕೆ ಒಬ್ಬೊಬ್ಬರಂತೆ ಮೂರು ವರ್ಷ ಮತದಾನ. ಸದಸ್ಯರ ಅವಧಿ ಈಗ ನಾಲ್ಕು ವರ್ಷವಾದ್ದರಿಂದ ನಾಲ್ಕನೇ ವರ್ಷ ಖಾಲಿ ಉಳಿಯುತ್ತದೆ. ಆ ವರ್ಷ ಕೌಂಟಿ ಚುನಾವಣೆ. ಹೀಗಾಗಿ ಎಲ್ಮ್‌ಬ್ರಿಜ್ ಮತದಾರನಿಗೆ ಪ್ರತಿ ಮೇ ತಿಂಗಳಲ್ಲೂ ಮತಗಟ್ಟೆಗೆ ಹೋಗುವ ಕೆಲಸವಿತ್ತು. ಅದೇ ಹತ್ತಿರದ ಎಪ್ಸಮ್-ಯೂವೆಲ್‌ನಲ್ಲಿ ಇಡೀ ಕೌನ್ಸಿಲ್‌ಗೆ ನಾಲ್ಕು ವರ್ಷಕ್ಕೊಮ್ಮೆ, 2019, 2023 ಹೀಗೆ, ಒಂದೇ ಸಲ ಚುನಾವಣೆ ನಡೆಯುತ್ತಿತ್ತು.

ಎಪ್ಸಮ್-ಯೂವೆಲ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 1937ರಲ್ಲಿ ಬರೋ ಆದಂದಿನಿಂದ ಇಂದಿನವರೆಗೆ ಅಲ್ಲಿ ಅಧಿಕಾರ ಹಿಡಿದವರು ಕನ್ಸರ್ವೇಟಿವರಲ್ಲ, ಲೇಬರ್ ಅಲ್ಲ, ಲಿಬರಲ್ಲರೂ ಅಲ್ಲ. ಬಡಾವಣೆಗಳ ನಿವಾಸಿ ಸಂಘಗಳು. ಸಂಸತ್ತಿಗೆ ಒಂದು ಪಕ್ಷ, ಊರಿಗೆ ನಮ್ಮ ಬಡಾವಣೆಯವರೇ ಎಂದು ಅಲ್ಲಿನ ಜನ ಸುಮಾರು ತೊಂಬತ್ತು ವರ್ಷ ಲೆಕ್ಕ ಬೇರೆ ಇಟ್ಟುಕೊಂಡು ಬಂದಿದ್ದಾರೆ. ಇಂಥದ್ದು ಸಾಧ್ಯವಾದದ್ದು ಕೌನ್ಸಿಲ್ ಸಣ್ಣದಾಗಿದ್ದದ್ದರಿಂದ, ಸದಸ್ಯರು ಓಣಿಯ ಪರಿಚಯಸ್ಥರಾಗಿದ್ದದ್ದರಿಂದ.

ಮುಂದೂಡಿಕೆ ಹೊಸದಲ್ಲ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಸ್ಥಳೀಯ ಚುನಾವಣೆಗಳೇ ನಡೆಯಲಿಲ್ಲ. 2001ರಲ್ಲಿ ದನಗಳ ಕಾಲುಬಾಯಿ ರೋಗ ಹಬ್ಬಿದ್ದರಿಂದ ಮೇ 3ರ ಮತದಾನ ಜೂನ್ 7ಕ್ಕೆ ಹೋಯಿತು. 2020ರ ಮೇ ಚುನಾವಣೆಗಳು ಕೋವಿಡ್ ಕಾರಣಕ್ಕೆ 2021ರ ಮೇಗೆ ಹೋದವು. ಇವೆಲ್ಲ ಆಪತ್ತಿನ ಕಾಲದವು, ಯಾರೂ ಹೆಚ್ಚು ತಕರಾರು ಮಾಡಲಿಲ್ಲ.

ಜಗಳ ಏಳುವುದು ಪುನರ್‌ರಚನೆಯ ಹೆಸರಿನಲ್ಲಿ ಮುಂದೂಡಿದಾಗ. ಮಾರ್ಗರೆಟ್ ಥ್ಯಾಚರ್ ಸರ್ಕಾರ ಗ್ರೇಟರ್ ಲಂಡನ್ ಕೌನ್ಸಿಲ್ ಮತ್ತು ಆರು ಮಹಾನಗರ ಕೌಂಟಿಗಳನ್ನು ಮುಚ್ಚಲು ಹೊರಟಾಗ 1985ರ ಮೇ ಚುನಾವಣೆಯನ್ನು ರದ್ದು ಮಾಡಿತು. ಅವಧಿ ಮುಗಿದ ಸದಸ್ಯರ ಜಾಗದಲ್ಲಿ ನಾಮನಿರ್ದೇಶಿತರನ್ನು ಕೂರಿಸುವುದು ಅದರ ಮೊದಲ ಯೋಜನೆಯಾಗಿತ್ತು. 1984ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಡೆಯಿತು. ಕೊನೆಗೆ ಸರ್ಕಾರ ಇದ್ದ ಸದಸ್ಯರ ಅವಧಿಯನ್ನೇ 1986ರ ಮಾರ್ಚ್‌ವರೆಗೆ ವಿಸ್ತರಿಸಬೇಕಾಯಿತು. ಅಲ್ಲಿಂದೀಚೆಗಿನ ಪುನರ್‌ರಚನೆಗಳಲ್ಲೂ ಇದೇ ರೂಢಿ ನಡೆದುಬಂದಿದೆ: ಚುನಾವಣೆ ಮುಂದಕ್ಕೆ ಹೋದರೂ ಅಧಿಕಾರಿ ಬಂದು ಕೂರುವುದಿಲ್ಲ, ಹಿಂದೆ ಗೆದ್ದವರೇ ಮುಂದುವರಿಯುತ್ತಾರೆ.

ಕರ್ನಾಟಕದವರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಬೆಂಗಳೂರನ್ನು ಆಡಳಿತಾಧಿಕಾರಿಗಳು ನಡೆಸಿದರು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿತ್ತು. ನಮ್ಮ ಸಂವಿಧಾನ ಐದು ವರ್ಷದ ಅವಧಿಯನ್ನೂ ಅದು ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂಬುದನ್ನೂ ಬರೆದೇ ಇಟ್ಟಿದೆ. ಬ್ರಿಟನ್ನಿನಲ್ಲಿ ಅಂಥ ಒಂದು ಲಿಖಿತ ಸಂವಿಧಾನವೇ ಇಲ್ಲ. ಅಲ್ಲಿ ಕೌನ್ಸಿಲ್‌ನ ಆಯಸ್ಸು ಸಂಸತ್ತಿನ ಕಾಯ್ದೆಯ ಕೈಯಲ್ಲಿದೆ. ಚುನಾವಣೆಯ ವರ್ಷ ಬದಲಿಸುವ ಅಧಿಕಾರವನ್ನು 2000ದ ಕಾಯ್ದೆ ಸಚಿವರಿಗೆ ಕೊಟ್ಟಿದೆ. ಕೌನ್ಸಿಲ್‌ಗಳನ್ನು ಒಗ್ಗೂಡಿಸುವ ಅಧಿಕಾರ 2007ರ ಕಾಯ್ದೆಯಿಂದ ಬಂದಿದೆ. ಈ ಎರಡು ಕಾಯ್ದೆಗಳು ಸೇರಿದಾಗ ಏನಾಗುತ್ತದೆ ಎಂಬುದನ್ನೇ ಈಗ ನೋಡುತ್ತಿದ್ದೇವೆ.

ಎಕ್ಸೆಟರ್, ನಾರ್ವಿಚ್ ಮತ್ತು 2010ರ ತೀರ್ಪು

ಸಚಿವರ ಕೈ ಪೂರ್ತಿ ಬಿಚ್ಚಿಲ್ಲ ಎಂದು ತೋರಿಸಿದ ಪ್ರಕರಣ ಒಂದಿದೆ. ಇವತ್ತಿನ ಚರ್ಚೆಗೆ ಅದು ತೀರಾ ಹತ್ತಿರದ್ದು.

2010ರ ಆರಂಭದಲ್ಲಿ, ಸಂಸತ್ ಚುನಾವಣೆಗೆ ಕೆಲವೇ ವಾರ ಇರುವಾಗ, ಅಂದಿನ ಲೇಬರ್ ಸರ್ಕಾರ ಎಕ್ಸೆಟರ್ ಮತ್ತು ನಾರ್ವಿಚ್ ನಗರಗಳನ್ನು ಯೂನಿಟರಿ ಮಾಡುವ ಆದೇಶ ಹೊರಡಿಸಿತು. ಸರ್ಕಾರವೇ ಹಾಕಿಕೊಂಡಿದ್ದ ಖರ್ಚುವೆಚ್ಚದ ಮಾನದಂಡಕ್ಕೆ ಈ ಪ್ರಸ್ತಾವಗಳು ಹೊಂದುತ್ತಿರಲಿಲ್ಲ. ಇಲಾಖೆಯ ಅತಿ ಹಿರಿಯ ಅಧಿಕಾರಿ ಸಚಿವರಿಂದ ಲಿಖಿತ ನಿರ್ದೇಶನ ಬೇಕೆಂದು ಕೇಳುವ ಮಟ್ಟಕ್ಕೆ ಹೋಯಿತು. ಎರಡೂ ಕಡೆ ಚುನಾವಣೆ ಮೂರನೇ ಒಂದು ಪದ್ಧತಿಯದು. ಮೇನಲ್ಲಿ ಇಳಿಯಬೇಕಿದ್ದ ಸದಸ್ಯರ ಅವಧಿ ಆದೇಶದಿಂದ ವಿಸ್ತರಣೆಯಾಯಿತು. ಆ ನಗರಗಳಿರುವ ಡೆವನ್ ಮತ್ತು ನಾರ್ಫೋಕ್ ಕೌಂಟಿಗಳ ಕೌನ್ಸಿಲ್‌ಗಳು ನ್ಯಾಯಾಲಯಕ್ಕೆ ಹೋದವು. ಜೂನ್‌ನಲ್ಲಿ ಹೈಕೋರ್ಟ್ ಆದೇಶಗಳನ್ನು ರದ್ದುಪಡಿಸಿತು. ಆದೇಶವೇ ಬಿದ್ದ ಮೇಲೆ ವಿಸ್ತರಣೆಯೂ ಬಿತ್ತು, ಆ ಸದಸ್ಯರು ಸ್ಥಾನ ಕಳೆದುಕೊಂಡರು. ಸೆಪ್ಟೆಂಬರ್ 9ರಂದು ಆ ಸ್ಥಾನಗಳಿಗೆ ಮತದಾನ ನಡೆಯಿತು. ಅಷ್ಟರಲ್ಲಿ ಬಂದಿದ್ದ ಹೊಸ ಸಮ್ಮಿಶ್ರ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಇದರಿಂದ ತಿಳಿಯುವುದು ಇಷ್ಟು: ಮುಂದೂಡಿಕೆ ತನ್ನಷ್ಟಕ್ಕೆ ಕಾನೂನುಬಾಹಿರವಲ್ಲ. ಆದರೆ ಅದು ನಿಂತಿರುವುದು ಪುನರ್‌ರಚನೆ ಎಂಬ ಕಾರಣದ ಮೇಲೆ. ಆ ಕಾರಣ ಕಾನೂನಿನ ಪರೀಕ್ಷೆಯಲ್ಲಿ ಸೋತರೆ ಮುಂದೂಡಿಕೆಯೂ ಉಳಿಯುವುದಿಲ್ಲ.

ಸರ್ಕಾರ ಏನನ್ನುತ್ತದೆ, ವಿರೋಧಿಗಳು ಏನನ್ನುತ್ತಾರೆ

2024ರ ಡಿಸೆಂಬರ್ 16ರಂದು ಬಂದ ಶ್ವೇತಪತ್ರ ಎರಡು ಹಂತದ ಆಡಳಿತವನ್ನೇ ಕೊನೆಗೊಳಿಸುವ ಗುರಿ ಹೇಳಿತು. ಉಳಿದಿರುವ 21 ಕೌಂಟಿಗಳು, 164 ಡಿಸ್ಟ್ರಿಕ್ಟ್‌ಗಳು ಹೋಗಿ ಸುಮಾರು 5 ಲಕ್ಷ ಜನಸಂಖ್ಯೆಯ ಯೂನಿಟರಿಗಳು ಬರಬೇಕು, ಅವುಗಳ ಮೇಲೆ ಹಲವು ಕೌನ್ಸಿಲ್‌ಗಳನ್ನು ಒಳಗೊಂಡ ಪ್ರದೇಶಕ್ಕೆ ಒಬ್ಬ ಚುನಾಯಿತ ಮೇಯರ್ ಇರಬೇಕು ಎಂಬುದು ಯೋಜನೆ. ದುಡ್ಡು ಉಳಿಯುತ್ತದೆ, ಜನರಿಗೆ ಹೊಣೆ ಯಾರದೆಂದು ಸ್ಪಷ್ಟವಾಗುತ್ತದೆ ಎಂಬುದು ವಾದ. ಒಂದೆರಡು ವರ್ಷದಲ್ಲಿ ಇಲ್ಲವಾಗುವ ಸಂಸ್ಥೆಗೆ ಚುನಾವಣೆ ನಡೆಸುವುದು ದಂಡದ ಖರ್ಚು, ಪುನರ್‌ರಚನೆಗೆ ಬೇಕಾದ ಸಿಬ್ಬಂದಿಯ ಸಮಯವೂ ಹಾಳು ಎಂಬುದು ಮುಂದೂಡಿಕೆಗೆ ಕೊಟ್ಟ ಸಮರ್ಥನೆ. ಹದಿನೆಂಟು ಕೌನ್ಸಿಲ್‌ಗಳು ಮುಂದೂಡಿಕೆ ಕೇಳಿದ್ದವು, ಒಂಬತ್ತಕ್ಕೆ ಮಾತ್ರ ಸಿಕ್ಕಿತು.

ಈ ಸಮರ್ಥನೆಯಲ್ಲಿ ಹುರುಳಿಲ್ಲದೇ ಇಲ್ಲ. ಸರ್ರೆಯ ವೋಕಿಂಗ್ ಡಿಸ್ಟ್ರಿಕ್ಟ್ 2023ರ ಜೂನ್‌ನಲ್ಲಿ 120 ಕೋಟಿ ಪೌಂಡ್ ಕೊರತೆ ತೋರಿಸಿ ದಿವಾಳಿಗೆ ಸಮನಾದ ನೋಟಿಸ್ ಹೊರಡಿಸಿತು. ಸಾಲ ಮಾಡಿ ಎತ್ತರದ ಕಟ್ಟಡಗಳನ್ನು ಕಟ್ಟಿಸಿದ ಫಲ ಅದು. ಅಷ್ಟು ಸಣ್ಣ ಕೌನ್ಸಿಲ್ ಆ ಸಾಲ ತೀರಿಸುವ ಮಾತೇ ಇಲ್ಲ. ಹೊಸ ಪಶ್ಚಿಮ ಸರ್ರೆಯ ಹೆಗಲಿಗೆ ಅದು ಬೀಳುವುದರಿಂದ ಸರ್ಕಾರ 50 ಕೋಟಿ ಪೌಂಡ್ ಸಾಲವನ್ನು ತಾನೇ ತೀರಿಸುವುದಾಗಿ ಒಪ್ಪಿದೆ.

ವಿರೋಧದ ಮಾತು ಬೇರೆ. 2025ರ ಮೇ 1ರಂದು ಚುನಾವಣೆ ನಡೆದ ಕಡೆಗಳಲ್ಲಿ ರಿಫಾರ್ಮ್ ಯುಕೆ ಪಕ್ಷ 677 ಸ್ಥಾನ ಗೆದ್ದು ಹತ್ತು ಕೌನ್ಸಿಲ್ ಹಿಡಿಯಿತು. ಕನ್ಸರ್ವೇಟಿವರಿಗೆ ಭಾರಿ ಸೋಲಾಯಿತು. ಮುಂದೂಡಿಕೆ ಪಡೆದ ಕೌಂಟಿಗಳಲ್ಲಿ ಹೆಚ್ಚಿನವು ಕನ್ಸರ್ವೇಟಿವರ ಕೈಯಲ್ಲಿದ್ದವು. ಸೋಲುವವರನ್ನು ಜನರ ಕೈಗೆ ಸಿಗದಂತೆ ಕಾಪಾಡಿದಂತಾಯಿತು ಎಂದು ರಿಫಾರ್ಮ್, ಲಿಬರಲ್ ಡೆಮಾಕ್ರಾಟ್ ಎರಡೂ ಪಕ್ಷಗಳು ದೂರಿದವು. ಮುಂದೂಡಿಕೆ ಕೇಳಿದವರ ಉದ್ದೇಶ ಏನೇ ಇರಲಿ, 2021ರ ಮೇನಲ್ಲಿ ಗೆದ್ದವರು ಜನರ ಮುಂದೆ ಮತ್ತೆ ನಿಲ್ಲದೆ ಐದನೇ ವರ್ಷವೂ ತೆರಿಗೆ ನಿಗದಿ ಮಾಡಿದ್ದಾರೆ. ತಮ್ಮ ಕೌನ್ಸಿಲ್‌ನ ಕೊನೆಗಾಲದ ತೀರ್ಮಾನಗಳನ್ನೂ ಅವರೇ ತೆಗೆದುಕೊಂಡಿದ್ದಾರೆ. ಸರ್ರೆಯನ್ನು ಎರಡು ಮಾಡಬೇಕೋ ಮೂರೋ ಎಂಬ ಪ್ರಶ್ನೆಯಲ್ಲಿ ಕೌಂಟಿ ಎರಡು ಎಂದಿತು, ಹನ್ನೊಂದು ಡಿಸ್ಟ್ರಿಕ್ಟ್‌ಗಳಲ್ಲಿ ಒಂಬತ್ತು ಮೂರು ಎಂದವು. ಸರ್ಕಾರ ಒಪ್ಪಿದ್ದು ಎರಡನ್ನು.

ಒಂದು ವರ್ಷದ ಮುಂದೂಡಿಕೆ, ಹೊಸ ಕೌನ್ಸಿಲ್‌ನ ಚುನಾವಣಾ ದಿನ ಮೊದಲೇ ಗೊತ್ತಿದ್ದರೆ, ಒಪ್ಪತಕ್ಕದ್ದೇ. ಎರಡನೇ ವರ್ಷಕ್ಕೆ ಎಳೆದರೆ ಸಮರ್ಥನೆ ಸಿಗುವುದು ಕಷ್ಟ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ ಹಾಗೇ ಆಯಿತು. 2019ರಲ್ಲಿ ನಡೆಯಬೇಕಿದ್ದ ಡಿಸ್ಟ್ರಿಕ್ಟ್ ಚುನಾವಣೆ ಪುನರ್‌ರಚನೆಗಾಗಿ 2020ಕ್ಕೆ ಹೋಯಿತು, ಅಲ್ಲಿಂದ ಕೋವಿಡ್‌ನಿಂದ 2021ಕ್ಕೆ. ನಾಲ್ಕು ವರ್ಷಕ್ಕೆಂದು 2015ರಲ್ಲಿ ಆಯ್ಕೆಯಾದವರು ಆರು ವರ್ಷ ಉಳಿದರು.

ದಿನಾಂಕಕ್ಕಿಂತ ದೊಡ್ಡ ಪ್ರಶ್ನೆ

ಪತ್ರಿಕೆಗಳು ಚುನಾವಣೆಯ ದಿನಾಂಕದ ಸುತ್ತಲೇ ಸುತ್ತುತ್ತಿವೆ. ನಿಜವಾದ ನಷ್ಟ ಇರುವುದು ಸದಸ್ಯರ ಸಂಖ್ಯೆಯಲ್ಲಿ.

ಸರ್ರೆಯ ಜನಸಂಖ್ಯೆ ಸುಮಾರು 12 ಲಕ್ಷ. ಈಗ ಕೌಂಟಿಯಲ್ಲಿ 81 ಸ್ಥಾನ, ಹನ್ನೊಂದು ಡಿಸ್ಟ್ರಿಕ್ಟ್‌ಗಳಲ್ಲಿ 450ರಷ್ಟು, ಒಟ್ಟು ಐನೂರು ದಾಟುತ್ತದೆ. ಹೊಸ ವ್ಯವಸ್ಥೆಯಲ್ಲಿ ಪೂರ್ವ ಸರ್ರೆಗೆ 72, ಪಶ್ಚಿಮಕ್ಕೆ 90, ಒಟ್ಟು 162. ಎರಡು ಸಾವಿರದ ಮುನ್ನೂರು ಜನಕ್ಕೊಂದು ಸ್ಥಾನ ಇದ್ದದ್ದು ಏಳು ಸಾವಿರಕ್ಕೂ ಹೆಚ್ಚು ಜನಕ್ಕೊಂದಾಗುತ್ತದೆ. ಒಬ್ಬ ಸದಸ್ಯನ ಮೇಲೆ ಕಸದಿಂದ ಹಿಡಿದು ಮಕ್ಕಳ ರಕ್ಷಣೆಯವರೆಗೆ ಎಲ್ಲ ಹೊರೆಯೂ ಬೀಳುತ್ತದೆ. ಸಂಬಳದ ಕೆಲಸ ಮಾಡಿಕೊಂಡು ಸಂಜೆ ಸಭೆಗೆ ಬರುತ್ತಿದ್ದ ಶಿಕ್ಷಕ, ಅಂಗಡಿಯವ, ಮನೆ ನೋಡಿಕೊಳ್ಳುವ ತಾಯಿ ಇಂಥ ಹುದ್ದೆಗೆ ನಿಲ್ಲಲು ಹಿಂಜರಿಯುತ್ತಾರೆ. ದೊಡ್ಡ ಕ್ಷೇತ್ರದಲ್ಲಿ ಪ್ರಚಾರ ಮಾಡಲು ಪಕ್ಷದ ಬಲ ಬೇಕು. ಎಪ್ಸಮ್-ಯೂವೆಲ್‌ನ ನಿವಾಸಿ ಸಂಘಗಳು ತಮ್ಮ ಊರಿನಲ್ಲಿ ಗೆದ್ದರೂ ಪೂರ್ವ ಸರ್ರೆಯ 72 ಸ್ಥಾನಗಳಲ್ಲಿ ಅವರ ಪಾಲಿಗೆ ಸಿಗಬಹುದಾದದ್ದು ಹತ್ತೇ. ಊರು ಆಳಿದವರು ಇನ್ನು ಮುಂದೆ ಒಂದು ಸಣ್ಣ ಗುಂಪು.

ಸ್ಥಳೀಯ ಚುನಾವಣೆಗೆ ಮತದಾನ ಮೂರನೇ ಒಂದರ ಆಸುಪಾಸಿನಲ್ಲೇ ಇರುವುದರಿಂದ ಜನರಿಗೆ ಇದು ಬೇಡವೇ ಬೇಡ ಎನ್ನುವವರಿದ್ದಾರೆ. ಆದರೆ ಕೌನ್ಸಿಲ್ ದೂರ ಹೋದಷ್ಟೂ ಆ ಪ್ರಮಾಣ ಏರುತ್ತದೆಂದು ನಂಬಲು ಕಾರಣ ಕಾಣುವುದಿಲ್ಲ.

ಅಲ್ಲಿರುವ ಕನ್ನಡಿಗರಿಗೆ

ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಭಾರತೀಯ ಪ್ರಜೆಗಳು ಕಾಮನ್‌ವೆಲ್ತ್ ನಾಗರಿಕರೆಂಬ ನೆಲೆಯಲ್ಲಿ ಸ್ಥಳೀಯ ಚುನಾವಣೆಯಲ್ಲೂ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಬ್ರಿಟಿಷ್ ಪೌರತ್ವ ಬೇಕಿಲ್ಲ. ಓದಲು ಬಂದವರಿಗೂ, ಕೆಲಸದ ವೀಸಾದವರಿಗೂ ಈ ಹಕ್ಕಿದೆ. ಹೆಸರು ನೋಂದಾಯಿಸಿರಬೇಕು, ಅಷ್ಟೇ. 2023ರ ಮೇಯಿಂದ ಇಂಗ್ಲೆಂಡಿನ ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತು ತೋರಿಸುವುದು ಕಡ್ಡಾಯವಾಗಿದೆ, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಕಲಬುರಗಿ ಮೂಲದ ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಬರೋದ ಕೌನ್ಸಿಲರ್ ಆಗಿ, 2010ರಲ್ಲಿ ಮೇಯರ್ ಆದರು. ಥೇಮ್ಸ್ ದಡದಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಹಿಂದೆ ಅವರ ಶ್ರಮವಿತ್ತು. ಹೊಸದಾಗಿ ಬಂದ ಸಮುದಾಯದವರು ಸಾರ್ವಜನಿಕ ಬದುಕಿಗೆ ಕಾಲಿಡುವುದು ಹೆಚ್ಚಾಗಿ ಇಂಥ ವಾರ್ಡ್ ಚುನಾವಣೆಗಳ ಮೂಲಕವೇ. ಸ್ಥಾನಗಳು ಮೂರನೇ ಒಂದಕ್ಕೆ ಇಳಿದರೆ ಆ ದಾರಿಯೂ ಕಿರಿದಾಗುತ್ತದೆ.

ಹತ್ತಿರ ಉಳಿಯುವುದೇನು

2025ರ ಜುಲೈ 10ರಂದು ಸಂಸತ್ತಿನಲ್ಲಿ ಮಂಡನೆಯಾದ ಅಧಿಕಾರ ವಿಕೇಂದ್ರೀಕರಣ ಮಸೂದೆ, ಕೌನ್ಸಿಲ್‌ಗಳು ನೆರೆಹೊರೆ ಮಟ್ಟದಲ್ಲಿ ಆಡಳಿತದ ಏರ್ಪಾಡು ಮಾಡಬೇಕು ಎಂದಿತು. ವಾರ್ಡ್ ಸದಸ್ಯರ ನೇತೃತ್ವದ ಪ್ರದೇಶ ಸಮಿತಿಗಳು ಸರ್ಕಾರದ ಮನಸ್ಸಿನಲ್ಲಿರುವ ರೂಪ. ಅಂಥ ಸಮಿತಿ ದೊಡ್ಡ ಕೌನ್ಸಿಲ್‌ನದೇ ಒಂದು ಅಂಗ. ಅದಕ್ಕೆಂದೇ ಬೇರೆ ಚುನಾವಣೆ ಇಲ್ಲ, ಸ್ವಂತ ತೆರಿಗೆಯೂ ಇಲ್ಲ. ಇವೆರಡೂ ಇರುವುದು 1894ರ ಪ್ಯಾರಿಷ್ ಕೌನ್ಸಿಲ್‌ಗಳಿಗೆ. ಕೌನ್ಸಿಲ್ ತೆರಿಗೆಯ ಜೊತೆ ಸೇರಿಸಿ ತನ್ನ ಪಾಲಿನ ಹಣವನ್ನು ತಾನೇ ನಿಗದಿ ಮಾಡುವ ಹಕ್ಕು ಅವಕ್ಕಿದೆ. ಇಂಗ್ಲೆಂಡಿನ ಬಹುಪಾಲು ಹಳ್ಳಿಗಳಲ್ಲಿ ಅವು ಇವೆ. ಡಿಸ್ಟ್ರಿಕ್ಟೇ ಊರಿನ ಕೌನ್ಸಿಲ್ ಎಂದುಕೊಂಡು ಬಂದ ಎಷ್ಟೋ ಪಟ್ಟಣಗಳಲ್ಲಿ ಇಲ್ಲ. ಸರ್ರೆಯ ಅಂಥ ಪಟ್ಟಣಗಳಲ್ಲಿ ಪ್ಯಾರಿಷ್ ಕೌನ್ಸಿಲ್ ಹುಟ್ಟುಹಾಕುವ ಅಧಿಕಾರ, 2027ರ ಏಪ್ರಿಲ್‌ವರೆಗೂ, ಈಗ ರದ್ದಾಗಲಿರುವ ಡಿಸ್ಟ್ರಿಕ್ಟ್‌ಗಳ ಕೈಯಲ್ಲೇ ಇದೆ.